ಬಿಸಿಯೇರಿದರೆ ನಿಲ್ಲುವ ಪಿಕಪ್

"ಕೀ ತಿರುಗಿಸಿ."

ಅವನು ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು!

ಅವಳು ಬಾನೆಟ್ಟಿನ ಮರೆಯಿಂದ ತಲೆ ಎತ್ತಿ ನೋಡಿದಳು. ಅವನು ಸ್ಟಿಯರಿಂಗ್ ಹಿಡಿದುಕೊಂಡು, ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವನ ಹಾಗೆ ಕೂತಿದ್ದ.

"ಇದೇನಾ ಸ್ಟಾರ್ಟ್ ಆಗ್ತಿಲ್ಲ ಅಂದಿದ್ದು?"

"ಅರ್ಧ ಗಂಟೆ ಹಿಂದೆ ಸತ್ತೇ ಹೋಗಿತ್ತು. ನಿಜವಾಗ್ಲೂ!"

"ಹೂಂ... ನನ್ನ ಮುಖ ನೋಡಿ ಜೀವ ಬಂತೇನೋ."

ಅಂದ ಮೇಲೆ ಅವಳಿಗೇ ಯಾಕೋ ನಾಚಿಕೆಯಾಯಿತು. ಅವನು ಮಾತ್ರ ನಗಲಿಲ್ಲ. ಗಂಭೀರವಾಗಿ, "ಇರಬಹುದು" ಅಂದ.

ಅಪ್ಪನ ಸೊಂಟ ಕೈಕೊಟ್ಟ ಮೇಲೆ ಗ್ಯಾರೇಜು ಅವಳ ಹೆಗಲಿಗೆ ಬಿದ್ದು ನಾಲ್ಕು ವರ್ಷವಾಗಿತ್ತು. ಚಿಕ್ಕವಳಿದ್ದಾಗಿನಿಂದ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ಸ್ಪ್ಯಾನರ್' ಅಂತಲೇ. ಅವನು ಜೇನು ಸಾಕುವವನು. ಹೂವು ಬಿಡುವ ಕಡೆಗೆಲ್ಲ ಜೇನುಪೆಟ್ಟಿಗೆಗಳನ್ನು ಹೊತ್ತು ತಿರುಗುವುದು ಅವನ ಕೆಲಸ. ಅದಕ್ಕೆ ಇದ್ದದ್ದು ಈ ಒಂದು ಹಳೇ ಪೆಟ್ರೋಲ್ ಪಿಕಪ್. ಅವನಿಗಿಂತ ಒಂದೆರಡು ವರ್ಷವಷ್ಟೇ ಚಿಕ್ಕದು.

ಅವತ್ತು ಅವಳು ಬ್ಯಾಟರಿ ನೋಡಿದಳು. ತುದಿಗಳಲ್ಲಿ ಬಿಳಿ ಪುಡಿ ಕಟ್ಟಿತ್ತು. ಉಜ್ಜಿ, ಬಿಗಿ ಮಾಡಿ ಕಳಿಸಿದಳು.

ಹತ್ತು ದಿನಕ್ಕೆ ಮತ್ತೆ ಬಂದ. ಈ ಸಲ ಪ್ಲಗ್ಗುಗಳನ್ನು ಬಿಚ್ಚಿದಳು, ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ವೈರನ್ನು ಹೊಸದು ಹಾಕಿದಳು. ಎಲ್ಲ ಸರಿಯಿತ್ತು. ಗಾಡಿ ಗಡಿಯಾರದ ಹಾಗೆ ಓಡುತ್ತಿತ್ತು.

"ಬಿಸಿಲಲ್ಲಿ ಒಂದು ಗಂಟೆ ಓಡಿದ ಮೇಲೆ ನಿಲ್ಲುತ್ತೆ. ಸುಮ್ನೆ ಬಿಟ್ರೆ ತಾನೇ ಸರಿಯಾಗುತ್ತೆ. ಆಮೇಲೆ ಇಲ್ಲಿಗೆ ತರ್ತೀನಿ..." ಅಂತ ಅವನು ವಿವರಿಸುತ್ತಿದ್ದ.

"ನೋಡೋಣ, ನೋಡೋಣ" ಅಂದಳು ಅವಳು, ಪ್ಲಗ್ಗಿನ ಮೇಲೇ ಕಣ್ಣಿಟ್ಟು.

ಕೆಲಸ ಮುಗಿಯುವವರೆಗೆ ಅವನು ಅಪ್ಪನ ಪಕ್ಕ ಕೂತು ರಾಣಿಜೇನಿನ ಕಥೆ ಹೇಳಿದ. ಅಪ್ಪ ಬಹಳ ದಿನಗಳ ಮೇಲೆ ಬಾಯಿ ತುಂಬ ನಕ್ಕರು. ಆ ನಗು ಕೇಳಿ ಅವಳ ಕೈ ಒಂದು ಕ್ಷಣ ನಿಂತಿತು... 'ಒಳ್ಳೆಯವನ ಹಾಗಿದ್ದಾನೆ' ಅಂದುಕೊಂಡಳು.

ಮೂರನೇ ಸಲ ಬಂದಾಗಲೇ ಎಡವಟ್ಟಾದದ್ದು.

ಆಗಲೂ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎದುರಿನ ಟೈರ್ ಅಂಗಡಿಯವನು ನಾಲ್ಕು ಜನರ ಮುಂದೆ ಕೂಗಿಯೇಬಿಟ್ಟ: "ಸ್ಪ್ಯಾನರಕ್ಕಾ, ರೋಗ ಗಾಡಿಗಲ್ಲ, ಓಡಿಸೋರಿಗೆ! ನಿನ್ನ ನೋಡೋಕೆ ಅಂತ ಅವರೇ ವೈರ್ ಕೀಳ್ತಿದ್ದಾರೆ!"

ಎಲ್ಲರೂ ಗೊಳ್ಳೆಂದು ನಕ್ಕರು.

ಅವಳ ಮುಖ ಕೆಂಡವಾಯಿತು. ಎರಡು ವರ್ಷದ ಹಿಂದೆ ಅವಳನ್ನು ನೋಡಲು ಬಂದಿದ್ದ ಒಬ್ಬ, ಉಗುರಿನ ಸಂದಿಯ ಗ್ರೀಸ್ ನೋಡಿ ಮುಖ ಸಿಂಡರಿಸಿ ಎದ್ದು ಹೋಗಿದ್ದ. ಆಮೇಲೆ ಆ ಮಾತು ಬೀದಿಯಲ್ಲೆಲ್ಲ ತಮಾಷೆಯಾಗಿತ್ತು. ಇನ್ನೊಂದು ಸಲ ನಗೆಪಾಟಲಾಗಲು ಅವಳು ತಯಾರಿರಲಿಲ್ಲ.

"ನೋಡಿ," ಅಂದಳು ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ. "ಈ ಗಾಡಿಗೆ ಏನೂ ಆಗಿಲ್ಲ. ಹೊತ್ತು ಹೋಗದಿದ್ರೆ ಬೇರೆ ಎಲ್ಲಾದ್ರೂ ಹೋಗಿ ಕೂತ್ಕೊಳ್ಳಿ. ಇನ್ನೊಂದು ಸಲ ಸುಳ್ಳು ಹೇಳ್ಕೊಂಡು ಇಲ್ಲಿಗೆ ಬರ್ಬೇಡಿ!"

ನಗು ನಿಂತಿತು. ಅವನ ಮುಖ ಬಿಳಿಚಿಕೊಂಡಿತು.

"ನಾನು ಸುಳ್ಳು ಹೇಳಿಲ್ಲ" ಅಂದ ಮೆಲ್ಲಗೆ. ಬಾನೆಟ್ ತಾನೇ ಮುಚ್ಚಿ, ಅಪ್ಪನಿಗೆ ಕೈ ಮುಗಿದು ಹೊರಟುಹೋದ.

"ಗಾಡಿ ರಿಪೇರಿ ಕಲಿತೆ. ಗಾಡಿಯವನ ಮಾತು ಕೇಳೋದು ಕಲೀಲಿಲ್ಲ ನೀನು" ಅಂದರು ಅಪ್ಪ.

ಮೂರು ವಾರ ಅವನ ಸುದ್ದಿಯಿಲ್ಲ. ಪ್ರತಿ ಪಿಕಪ್ಪಿನ ಸದ್ದಿಗೂ ಅವಳ ಕಿವಿ ನೆಟ್ಟಗಾಗುತ್ತಿತ್ತು. 'ನನಗೇನು ಬಂದಿದೆ?' ಎಂದು ತನಗೆ ತಾನೇ ಬೈದುಕೊಂಡು ಮತ್ತೆ ಕೆಲಸಕ್ಕೆ ಬಾಗುತ್ತಿದ್ದಳು.

ಒಂದು ದಿನ ಬೆಳಗ್ಗೆ ಹತ್ತೂವರೆಗೆ ಅಪ್ಪನ ಫೋನ್ ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅಪ್ಪ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಯಜಮಾನ್ರೇ, ಟೋಲ್ ಗೇಟ್ ದಾಟಿದ ಮೇಲೆ ಗಾಡಿ ನಿಂತುಬಿಟ್ಟಿದೆ. ಮೇಲೆ ಇಪ್ಪತ್ನಾಲ್ಕು ಪೆಟ್ಟಿಗೆ ಇದೆ, ಹುಳ ಎಲ್ಲ ಒಳಗೇ ಇವೆ. ಒಂದು ಮರದ ನೆರಳೂ ಇಲ್ಲ. ಏನು ಮಾಡ್ಲಿ ಅಂತ ಫೋನಲ್ಲೇ ಹೇಳಿ... ಅವರಿಗೆ ಮಾತ್ರ ಹೇಳ್ಬೇಡಿ."

ಅಪ್ಪ ಮಗಳ ಕಡೆ ನೋಡಿದರು. ಅವಳು ಆಗಲೇ ಟೂಲ್ ಬ್ಯಾಗನ್ನು ಹೆಗಲಿಗೇರಿಸಿ ಸ್ಕೂಟರ್ ತೆಗೆಯುತ್ತಿದ್ದಳು.

ಇಪ್ಪತ್ತು ನಿಮಿಷದಲ್ಲಿ ಅವಳು ತಲುಪಿದಾಗ ಅವನು ಗೋಣಿಚೀಲಗಳನ್ನು ಒದ್ದೆ ಮಾಡಿ ಪೆಟ್ಟಿಗೆಗಳ ಮೇಲೆ ಹೊದಿಸುತ್ತಿದ್ದ. ಒಳಗಿನಿಂದ ಒಂದೇ ಸಮನೆ ಗುಂಯ್‌ಗುಡುವ ಸದ್ದು. ಪೆಟ್ಟಿಗೆಗಳ ಬಾಯಿಗೆ ಹಾಕಿದ್ದ ಜಾಲರಿಗೆ ಒಳಗಿನಿಂದ ಜೇನ್ನೊಣಗಳು ಮುತ್ತಿಕೊಂಡಿದ್ದವು.

ಅವಳನ್ನು ಕಂಡು ಅವನು ಒಂದು ಗಳಿಗೆ ನಿಂತ. "ನೀವ್ಯಾಕೆ ಬಂದ್ರಿ?"

"ಆಮೇಲೆ ಬೈಯಿರಿ. ಎಷ್ಟು ಹೊತ್ತು ತಡ್ಕೊಳ್ತವೆ?"

"ಇನ್ನೊಂದು ಗಂಟೆ... ಅಷ್ಟರಲ್ಲಿ ಒಳಗಿನ ಮೇಣದ ಎರಿ ಕರಗೋಕೆ ಶುರುವಾಗುತ್ತೆ."

"ಸೆಲ್ಫ್ ಹೊಡೀರಿ."

ಇಂಜಿನ್ ಜೋರಾಗಿಯೇ ತಿರುಗಿತು, ಆದರೆ ಹತ್ತಿಕೊಳ್ಳಲಿಲ್ಲ. ಅಂದರೆ ಬ್ಯಾಟರಿಯ ತಪ್ಪಲ್ಲ, ಸೆಲ್ಫಿನ ತಪ್ಪೂ ಅಲ್ಲ. ಪೆಟ್ರೋಲ್ ಪೈಪ್ ಬಿಚ್ಚಿ ನೋಡಿದಳು, ಪೆಟ್ರೋಲ್ ಬರುತ್ತಿತ್ತು. ಪೈಪನ್ನು ಮತ್ತೆ ಬಿಗಿದಳು. ಬ್ಯಾಗಿನಿಂದ ಒಂದು ಪ್ಲಗ್ ತೆಗೆದು ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದಳು.

"ಇನ್ನೊಂದು ಸಲ!"

ಕಿಡಿಯೇ ಇಲ್ಲ!

ಮೊದಲ ಬಾರಿಗೆ ಆ ಗಾಡಿ ಅವಳ ಕಣ್ಣೆದುರು ಸತ್ತಿತ್ತು. ಅವನು ಅವತ್ತು ಹೇಳಿದ್ದ ಮಾತು ಈಗ ಅವಳ ಕಿವಿಯೊಳಗೆ ಇಳಿಯಿತು. ಬಿಸಿಲಲ್ಲಿ ಒಂದು ಗಂಟೆ ಓಡಿದ ಮೇಲೆ... ಸುಮ್ನೆ ಬಿಟ್ರೆ ತಾನೇ ಸರಿಯಾಗುತ್ತೆ... ಗ್ಯಾರೇಜಿಗೆ ಬಂದಾಗಲೆಲ್ಲ ಅದು ಆರಿ ತಣ್ಣಗಾಗಿತ್ತು. ಆರಿದ ಗಾಡಿಯನ್ನು ನೋಡಿ ಅವಳು ರೋಗವಿಲ್ಲ ಅಂದಿದ್ದಳು!

ಡಿಸ್ಟ್ರಿಬ್ಯೂಟರಿನ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿತ್ತು. ಪ್ಲಗ್ಗಿಗೆ ಯಾವಾಗ ಕಿಡಿ ಕೊಡಬೇಕು ಅಂತ ಹೇಳುವ ಮಾಡ್ಯೂಲ್. ಬೆರಳಿಟ್ಟಳು, ಚುರ್ರೆಂದಿತು.

"ನಿಮ್ಮ ನೀರು ಕೊಡಿ. ಒಂದು ಬಟ್ಟೆ."

ಅವನು ಹೆಗಲ ಮೇಲಿನ ಟವೆಲ್ಲನ್ನೇ ಕೊಟ್ಟ. ಅವಳು ಅದನ್ನು ಅದ್ದಿ, ಚೆನ್ನಾಗಿ ಹಿಂಡಿ, ಡಬ್ಬಿಗೆ ಸುತ್ತಿ ಹಿಡಿದಳು. ಬಿಸಿಯೇರಿದಂತೆಲ್ಲ ಮತ್ತೆ ಅದ್ದಿ ಹಿಂಡಿದಳು. ಹತ್ತು ನಿಮಿಷ. ಅವನು ಆ ಹೊತ್ತಿನಲ್ಲಿ ಪೆಟ್ಟಿಗೆಗಳಿಗೆ ನೀರು ಚಿಮುಕಿಸುತ್ತಿದ್ದ.

"ಈಗ ಹೊಡೀರಿ."

ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟೆಂದಿತು. ವೈರುಗಳನ್ನೆಲ್ಲ ಜೋಡಿಸಿದ ಮೇಲೆ ಇಂಜಿನ್ ಗುಡುಗಿತು!

"ಹೊರಡಿ! ಇನ್ನೆಷ್ಟು ದೂರ?"

"ಅರ್ಧ ಗಂಟೆ ದಾರಿ. ಮತ್ತೆ ನಿಂತ್ರೆ?"

"ನಿಂತ್ರೆ ಮತ್ತೆ ತಣ್ಣಗೆ ಮಾಡೋಣ. ನಾನು ಜೊತೆಗಿದ್ದೀನಲ್ಲ."

ಸ್ಕೂಟರನ್ನು ರಸ್ತೆಬದಿಯಲ್ಲೇ ಬಿಟ್ಟು ಅವಳು ಪಕ್ಕದ ಸೀಟಿಗೆ ಹತ್ತಿದಳು. ದಾರಿಯಲ್ಲಿ ಗಾಡಿ ಎರಡು ಸಲ ನಿಂತಿತು. ಎರಡು ಸಲವೂ ಒದ್ದೆ ಟವೆಲ್ಲು.

ಸೂರ್ಯಕಾಂತಿ ಹೊಲ ಸೇರಿ ಪೆಟ್ಟಿಗೆಗಳನ್ನಿಳಿಸಿ ಬಾಯಿ ತೆರೆದಾಗ ಮಧ್ಯಾಹ್ನ ದಾಟಿತ್ತು. ಒಂದೊಂದರಿಂದಲೂ ಜೇನ್ನೊಣಗಳು ದಬದಬನೆ ಹೊರಗೆ ಹಾರಿದವು. ಕೊನೆಯ ಒಂದರಿಂದ ಮಾತ್ರ ಏನೂ ಬರಲಿಲ್ಲ. ಅವನು ಮುಚ್ಚಳ ಎತ್ತಿದ. ಎರಿ ಕರಗಿ ಕೆಳಗೆ ಜಾರಿತ್ತು. ಹುಳಗಳು ಅದರೊಳಗೇ ಅಂಟಿಕೊಂಡು ಸತ್ತಿದ್ದವು.

ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳೂ ಕೂತಳು.

"ನನ್ನಿಂದಾಯ್ತು ಇದು" ಅಂದಳು. "ನೀವು ಅವತ್ತೇ ಸರಿಯಾಗಿ ಹೇಳಿದ್ರಿ. ನಾನು ಕೇಳಿದ್ದಿದ್ರೆ ಒಂದು ರೌಂಡ್ ಬಿಸಿಲಲ್ಲಿ ಓಡಿಸಿ ನೋಡ್ತಿದ್ದೆ. ಅದು ಬಿಟ್ಟು ಎಲ್ಲರ ಮುಂದೆ ನಿಮ್ಮ ಮಾನ ಕಳೆದೆ... ತಪ್ಪಾಯ್ತು."

ಅವನು ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟ.

"ಬೇಜಾರಾಗಿತ್ತು, ಇಲ್ಲ ಅನ್ನಲ್ಲ" ಅಂದ. "ಆದ್ರೆ ಇಪ್ಪತ್ಮೂರು ಉಳಿದಿವೆ. ನೀವು ಬರದೆ ಇದ್ದಿದ್ರೆ ಒಂದೂ ಉಳೀತಿರ್ಲಿಲ್ಲ. ನಮ್ಮೂರ ಮೆಕ್ಯಾನಿಕ್ಕಿಗೆ ಹೋದ ವಾರ ತೋರಿಸಿದ್ದೆ. ಪ್ಲಗ್ ಬದಲಾಯಿಸಿ ಕಳಿಸಿದ್ರು ಅಷ್ಟೇ."

ಅವಳು ತಟ್ಟನೆ ತಲೆ ಎತ್ತಿದಳು.

"ನಿಮ್ಮೂರಲ್ಲೇ ಮೆಕ್ಯಾನಿಕ್ ಇದ್ದಾರಾ?"

ಅವನ ಕಿವಿ ಕೆಂಪಾಯಿತು. "ಇಬ್ಬರಿದ್ದಾರೆ."

"ಮತ್ತೆ ಅಷ್ಟು ದೂರ ನನ್ನ ಹತ್ರ ಯಾಕೆ ಬರ್ತಿದ್ರಿ?"

"ಗಾಡಿ ಕೆಟ್ಟಿದ್ದು ನಿಜ. ಪ್ರತಿ ಸಲ ನಿಜ." ಅವನು ನೆಲ ನೋಡುತ್ತಲೇ ಹೇಳಿದ. "ಮೊದಲನೇ ಸಲ ಬಂದದ್ದು, ನಿಮ್ಮ ಗ್ಯಾರೇಜು ದಾರಿಯಲ್ಲಿ ಸಿಕ್ತು ಅಂತ. ಎರಡನೇ ಸಲ... ನೀವಿದ್ದೀರಿ ಅಂತ. ಅವತ್ತು ಟೈರ್ ಅಂಗಡಿಯವರು ಅಂದದ್ದು ಅರ್ಧ ಸರಿ. ಅದಕ್ಕೇ ತಿರುಗಿಸಿ ಮಾತಾಡೋಕೆ ನನಗೆ ಬಾಯಿ ಬರ್ಲಿಲ್ಲ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಸುಟ್ಟ ಬೆರಳು ಉರಿಯುತ್ತಿತ್ತು. ಅವನು ಅದನ್ನು ನೋಡಿದ. ಒಂದು ಎರಿಯ ಅಂಚಿನಿಂದ ಜೇನು ಬಳಿದು ಆ ಬೆರಳಿಗೆ ಹಚ್ಚಿದ. ಗ್ರೀಸಿನ ಕಲೆಯನ್ನು ಅವನು ಗಮನಿಸಿದಂತೆಯೇ ಕಾಣಲಿಲ್ಲ.

"ನಾಳೆ ಹೊಸ ಮಾಡ್ಯೂಲ್ ಹಾಕ್ತೀನಿ" ಅಂದಳು ಅವಳು, ಕೈ ಹಿಂದಕ್ಕೆಳೆಯದೆ. "ಆಮೇಲೆ ಬಿಸಿಲಲ್ಲಿ ಎರಡು ಗಂಟೆ ಓಡಿಸಿ ನೋಡ್ಬೇಕು."

"ಓಡಿಸಿ ನೋಡಿ ಹೇಳ್ತೀನಿ."

"ನೀವು ಹೇಳೋದು ಬೇಡ. ನಾನೇ ಪಕ್ಕದಲ್ಲಿ ಕೂತಿರ್ತೀನಿ."

ಅವನು ಅವಳ ಮುಖವನ್ನೇ ನೋಡಿದ. "ಎರಡು ಗಂಟೆ ಆದ್ಮೇಲೆ?"

"ಗಾಡಿ ನಿಲ್ಲದಿದ್ರೆ ಮುಂದಕ್ಕೆ ಹೋಗೋಣ. ನಿಲ್ಲಿಸು ಅಂತ ನಾನಂತೂ ಹೇಳಲ್ಲ."

"ನೀವು..."

"ಇನ್ನೂ 'ನೀವು' ಅಂತೀಯಾ?"

ಅವನು ನಕ್ಕುಬಿಟ್ಟ. "ಇಲ್ಲ," ಅಂದ. "ನೀನು."