ಬುತ್ತಿ ಬಿಚ್ಚಿದಾಗ ಹತ್ತಿದ ದೀಪ

ತರಬೇತಿ ಕೇಂದ್ರದ ಸಭಾಂಗಣದಲ್ಲಿ ತಾಲ್ಲೂಕಿನ ಇಂಗ್ಲಿಷ್ ಶಿಕ್ಷಕರೆಲ್ಲ ಕುಳಿತಿದ್ದರು. ಎಲ್ಲರ ಬಲಗಿವಿಗೂ ಒಂದೊಂದು ನಾಟುದೀಪ ಸಿಕ್ಕಿಸಲಾಗಿತ್ತು. ಬೆಳಗಿನಿಂದ ಒಂದೂ ಹತ್ತಿರಲಿಲ್ಲ. ವೇದಿಕೆಯ ಮೇಲೆ ಸಂಪನ್ಮೂಲ ವ್ಯಕ್ತಿಯೊಬ್ಬರು ತರಗತಿಯಲ್ಲಿ ಉತ್ಸಾಹ ತುಂಬುವುದು ಹೇಗೆಂಬುದನ್ನು ಪರದೆ ನೋಡಿಕೊಂಡು ಓದುತ್ತಿದ್ದರು. ಪರದೆಯ ಮೇಲಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಕಾಣುವುದನ್ನೇ ಮತ್ತೆ ಓದಿ ಹೇಳಲು ಒಬ್ಬ ಮನುಷ್ಯನನ್ನು ಜಿಲ್ಲೆಯಿಂದ ಯಾಕೆ ಕರೆಸುತ್ತಾರೋ ಎಂದು ನೀಲಾಂಬಿಕಾ ಹಾದಿಮನಿ ಮನಸ್ಸಿನಲ್ಲೇ ಬೈದುಕೊಂಡಳು. ಇಪ್ಪತ್ತು ವರ್ಷಗಳಿಂದ ಅವಳು ಇಂಗ್ಲಿಷ್ ಕಲಿಸುತ್ತಿದ್ದಳು; ಇಪ್ಪತ್ತು ವರ್ಷಗಳಿಂದ ಇದೇ ಉತ್ಸಾಹವನ್ನು ತುಂಬಿಸಿಕೊಳ್ಳುತ್ತಿದ್ದಳು.

ನಾಟುದೀಪ ಹೊಸದು. ಮನುಷ್ಯ ಏನನ್ನಾದರೂ ನಿಜವಾಗಿ ಕಲಿತಾಗ ಮಿದುಳಿನ ನರಕೋಶಗಳ ನಡುವೆ ಹೊಸ ಕೊಂಡಿಗಳು ಬೀಳುತ್ತವೆ. ಆಗ ಹುಟ್ಟುವ ಅತಿ ಮಂದ ವಿದ್ಯುತ್ ಸಂಕೇತವನ್ನು ತಲೆಬುರುಡೆಯ ಹೊರಗಿನಿಂದಲೇ ಹಿಡಿಯುವ ಸಾಧನ ಅದು. ಕೇಳಿದ್ದು ಈ ಕಿವಿಯಿಂದ ಆ ಕಿವಿಗೆ ದಾಟಿಹೋದರೆ ದೀಪ ಸುಮ್ಮನಿರುತ್ತದೆ. ತಲೆಯೊಳಗೆ ನಾಟಿದರೆ ಹಸಿರಾಗಿ ಹತ್ತುತ್ತದೆ. ಇದನ್ನು ಕಂಡುಹಿಡಿದ ಡಾಕ್ಟರ್ ರಿಜ್ವಾನಾ ಕಿಲ್ಲೇದಾರ ಹಿಂದಿನ ಸಾಲಿನಲ್ಲಿ ಕುಳಿತು, ತನ್ನ ಕೈಫಲಕದ ಮೇಲೆ ಚಪ್ಪಟೆಯಾಗಿ ಮಲಗಿದ್ದ ಗೆರೆಗಳನ್ನು ನೋಡುತ್ತ, ಯಂತ್ರವೇ ಕೆಟ್ಟಿದೆಯೇನೋ ಎಂದು ಗಾಬರಿಯಾಗಿದ್ದಳು.

ಊಟದ ಗಂಟೆ ಹೊಡೆಯಿತು. ಶಿಕ್ಷಕರು ಹಿತ್ತಲಿನ ಬೇವಿನ ಮರದ ಕೆಳಗೆ ಹೋಗಿ ಸುತ್ತಲೂ ಕುಳಿತು ಬುತ್ತಿ ಬಿಚ್ಚಿದರು. ಕಿವಿಯ ದೀಪ ತೆಗೆದಿಡಬೇಕೆಂಬುದು ಹಸಿವಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಆ ಮರದ ಕೆಳಗೆ ಒಂದು ರೂಢಿ ಇತ್ತು. ನೀಲಾಂಬಿಕಾ ತರುತ್ತಿದ್ದ ಶೇಂಗಾ ಹಿಂಡಿ, ಆ ಖಾರದ ಚಟ್ನಿಪುಡಿ, ತಾಲ್ಲೂಕಿಗೇ ಹೆಸರಾಗಿತ್ತು. ಆದರೆ ಆ ತಿಂಗಳು ತಮ್ಮ ಕೈಯಲ್ಲಿ ಕೆಟ್ಟ ಒಂದು ಪಾಠದ ಕತೆ ಹೇಳದವರಿಗೆ ಅದರ ಒಂದು ಚಿಟಿಕೆಯೂ ಸಿಗುತ್ತಿರಲಿಲ್ಲ. ಚೆನ್ನಾಗಿ ನಡೆದ ಪಾಠದ ಬಡಾಯಿಗೆ ಅಲ್ಲಿ ಜಾಗವಿರಲಿಲ್ಲ, ಅದಕ್ಕೆ ಸಭಾಂಗಣವಿತ್ತು.

ಆ ದಿನ ಸುಗಲಾ ಎಂಬ ಹೊಸ ಶಿಕ್ಷಕಿ ರೊಟ್ಟಿ ಮುರಿಯದೆ ಕುಳಿತಿದ್ದಳು. ಇಂಗ್ಲಿಷ್ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತೇನೆ ಎಂದು ಬೆಳಿಗ್ಗೆಯೇ ಹೇಳಿದ್ದಳು. ನೀಲಾಂಬಿಕಾ ಒತ್ತಾಯ ಮಾಡಿದ ಮೇಲೆ ಬಾಯಿ ಬಿಟ್ಟಳು. ಈಗಿನ ಮಕ್ಕಳ ಅಂಗಿಯ ಮೇಲೆಲ್ಲ ಮಾತುಗುಂಡಿ ಇರುತ್ತದಲ್ಲ, ಒತ್ತಿದರೆ ಯಾವ ಭಾಷೆಯನ್ನಾದರೂ ಅವರ ಪರವಾಗಿ ಆಡುವಂಥದ್ದು. ನಿನ್ನ ಅವ್ವನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಎಂದು ಒಬ್ಬ ಹುಡುಗಿಗೆ ಸುಗಲಾ ಕೇಳಿದ್ದಳು. ಹುಡುಗಿ ಗುಂಡಿ ಒತ್ತಿದಳು. ಕೇಕು ಬೇಯಿಸುವ, ಹೂದೋಟ ಬೆಳೆಸುವ ತಾಯಿಯೊಬ್ಬಳ ಬಗ್ಗೆ ಗುಂಡಿ ಸೊಗಸಾಗಿ ಮಾತಾಡಿತು. ಸುಗಲಾ ಚಪ್ಪಾಳೆ ಹೊಡೆಸಿದಳು.

"ಆ ಹುಡುಗಿ ಅವ್ವ ಉಸುಕಿನ ಲಾರಿ ಹೊಡೀತಾಳಂತ್ರಿ ಅಕ್ಕಾರ," ಎಂದಳು ಸುಗಲಾ. "ನನಗ ವಾರ ಆದಮ್ಯಾಲೆ ಗೊತ್ತಾತು. ಆ ಕೂಸು ಅವತ್ತಿಂದ ನನ್ನ ಮಾರಿ ನೋಡವಲ್ದು. ನಾ ಇದ್ದು ಏನ ಮಾಡೂದೈತ್ರಿ?"

ಯಾರೂ ನಗಲಿಲ್ಲ. ತಮ್ಮ ತರಗತಿಯಲ್ಲೂ ಅದೇ ಆಗಿದೆ ಎಂದು ಇಬ್ಬರು ಒಪ್ಪಿಕೊಂಡರು. ನೀಲಾಂಬಿಕಾ ಹೇಳಿದಳು:

"ಮದ್ಲ ನೀನ ತಪ್ಪು ಹೇಳು. ನಿಮ್ಮವ್ವ ಸೀರಿ ಮಾರ್ತಾಳ, ಅಲ್ಲೇನು ಅಂತ ಇಂಗ್ಲಿಷ್‌ನ್ಯಾಗ ಕೇಳು. ತನ್ನ ಅವ್ವನ ಬಗ್ಗೆ ತಪ್ಪು ಮಾತು ಕೇಳಿ ಯಾವ ಕೂಸೂ ಸುಮ್ನ ಕುಂದ್ರೂದಿಲ್ಲ. ಗುಂಡಿ ಒತ್ತಾಕ ಪುರಸೊತ್ತು ಇರೂದಿಲ್ಲ ಅದಕ್ಕ."

ಮರದ ಕೆಳಗೆ ಒಂದಾದಮೇಲೊಂದು ದೀಪ ಹತ್ತಿತು. ಸುಗಲಾಳದು ಎಲ್ಲಕ್ಕಿಂತ ಮೊದಲು ಹತ್ತಿತು. ನೀಲಾಂಬಿಕಾ ಅವಳ ರೊಟ್ಟಿಯ ಮೇಲೆ ಎರಡು ಚಮಚ ಹಿಂಡಿ ಸುರಿದಳು.

ಕೈಫಲಕ ಹಿಡಿದು ಓಡಿಬಂದ ರಿಜ್ವಾನಾಳ ಸಂತೋಷ ಹೇಳತೀರದು. ಯಂತ್ರ ಸರಿಯಾಗಿಯೇ ಇತ್ತು! ಕೆಟ್ಟಿದ್ದದ್ದು ತರಬೇತಿ. ಇದನ್ನು ಇವತ್ತೇ ವರದಿ ಮಾಡುತ್ತೇನೆ, ಇನ್ನು ಆ ಉಪನ್ಯಾಸಗಳ ಕಾಟ ತಪ್ಪಿತೆಂದು ತಿಳಿಯಿರಿ ಎಂದಳು. ಮೇಲಿನವರ ಕಣ್ಣು ಬಿದ್ದ ಒಳ್ಳೆಯ ಕೆಲಸಗಳ ಗತಿ ಏನಾಗಿದೆಯೆಂದು ನೀಲಾಂಬಿಕಾ ಬಲ್ಲಳು. "ಕೈ ಮುಗಿತೇನ್ರಿ ಡಾಕ್ಟರ್ ಮೇಡಮ್, ಇದೊಂದು ಮ್ಯಾಲೆ ಕಳಸಬ್ಯಾಡ್ರಿ," ಎಂದಳು. ರಿಜ್ವಾನಾ ಪ್ರಾಮಾಣಿಕ ವಿಜ್ಞಾನಿ. ಕಂಡದ್ದನ್ನು ಮುಚ್ಚಿಡುವುದು ಅವಳಿಂದ ಆಗುವಂತಿರಲಿಲ್ಲ. ಕಳಿಸಿದಳು.

ಮೂರು ತಿಂಗಳಿಗೆ ಆದೇಶ ಬಂತು. 'ಭೋಜನಾಧಾರಿತ ವೃತ್ತಿ ವಿಕಾಸ' ಎಂದು ಅದಕ್ಕೆ ಹೆಸರು. ಬೇವಿನ ಮರಕ್ಕೆ ಶಾಮಿಯಾನ ಹೊದಿಸಿ, ಕೆಳಗೆ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಬುತ್ತಿ ತರುವಂತಿರಲಿಲ್ಲ, ಗುತ್ತಿಗೆದಾರ ಅನ್ನ ಸಾಂಬಾರ್ ಕೊಡುತ್ತಿದ್ದ, ಜೊತೆಗೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಶೇಂಗಾ ಹಿಂಡಿ. ಕೆಟ್ಟ ಪಾಠವನ್ನು ವಾರ ಮುಂಚೆಯೇ ಬರೆದು ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿಗೆಯಾಗುವಂಥ ಕೆಟ್ಟ ಪಾಠಗಳನ್ನು ಶಿಕ್ಷಕರು ಬಹುಬೇಗ ಕಲಿತರು. ನನ್ನ ಪಾಠದಲ್ಲಿ ಚಿತ್ರಗಳು ಕಡಿಮೆಯಾದವು, ಮುಂದೆ ಹೆಚ್ಚಿಸುತ್ತೇನೆ ಎಂದು ಒಬ್ಬರಾದ ಮೇಲೊಬ್ಬರು ಎದ್ದು ಓದಿದರು. ಸಂಪನ್ಮೂಲ ವ್ಯಕ್ತಿ ನಡುವೆ ನಿಂತು, ಮನಬಿಚ್ಚಿ ಮಾತನಾಡುವುದು ಹೇಗೆಂದು ಪರದೆ ನೋಡಿ ವಿವರಿಸಿದರು.

ಒಂದು ದೀಪವೂ ಹತ್ತಲಿಲ್ಲ. ಶಿಕ್ಷಕರು ಆಸಕ್ತಿಯಿಂದ ಊಟ ಮಾಡುತ್ತಿಲ್ಲವೆಂದು ತೀರ್ಮಾನವಾಯಿತು. ದೀಪ ಹತ್ತದವರಿಗೆಲ್ಲ ನೋಟಿಸು ಹೋಯಿತು. ಸುಗಲಾಳಿಗೂ ಬಂತು. ನೀಲಾಂಬಿಕಾ ತನಗೆ ಬಂದದ್ದನ್ನು ಎರಡು ಸಲ ಓದಿ, ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಎಂದುಕೊಂಡು ಅದನ್ನು ಮಡಚಿ ನೀರಿನ ಜಂಬಗಿ ಅಲುಗಾಡದಂತೆ ತಳಕ್ಕೆ ಆನಿಕೆ ಕೊಟ್ಟಳು.

ಮುಂದಿನ ತಿಂಗಳು ತರಬೇತಿ ಮುಗಿದು ದೀಪಗಳನ್ನೆಲ್ಲ ವಾಪಸು ಕೊಟ್ಟ ಮೇಲೆ, ಅವಳು ನಾಲ್ಕಾರು ಜನರನ್ನು ಬಸ್ ನಿಲ್ದಾಣದ ಹಿಂದಿನ ಪಂಕ್ಚರ್ ಅಂಗಡಿಯ ಅಂಗಳಕ್ಕೆ ಕರೆದೊಯ್ದಳು. ಹಳೆಯ ಟೈರುಗಳ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ರಿಜ್ವಾನಾ ಹುಡುಕಿಕೊಂಡು ಬಂದು ದೂರದಲ್ಲೇ ನಿಂತಳು. ಕೈಯಲ್ಲಿ ಫಲಕವಿರಲಿಲ್ಲ. ನೀಲಾಂಬಿಕಾಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಒಂದು ಟೈರು ತೋರಿಸಿದಳು. ರೂಢಿಯಂತೆ ಕೆಟ್ಟ ಪಾಠದ ಕತೆ ಕೇಳಿದಳು.

"ನಂದು ನಿಮಗೆಲ್ಲ ಗೊತ್ತೈತಲ್ರಿ," ಎಂದಳು ರಿಜ್ವಾನಾ. ಅವಳಿಗೂ ಹಿಂಡಿ ಸಿಕ್ಕಿತು.

ಆಮೇಲೆ ಸುಗಲಾ ಹೇಳಿದಳು. ನಿಮ್ಮವ್ವ ಸೀರೆ ಮಾರುತ್ತಾಳಲ್ಲವೇ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, ಹುಡುಗಿ ಧಡಕ್ಕನೆ ಎದ್ದು ನಿಂತಿದ್ದಳಂತೆ. ಮುರುಕು ಇಂಗ್ಲಿಷಿನಲ್ಲೇ ಅವ್ವನ ಲಾರಿ, ಅದರ ಚಕ್ರ, ರಾತ್ರಿ ಅವ್ವ ಬಂದಾಗ ಕೇಳುವ ಹಾರ್ನು, ಎಲ್ಲವನ್ನೂ ಹೇಳಿದ್ದಳಂತೆ. ಆದರೆ ಅವಳನ್ನು ನೋಡಿ ಹುರುಪಿಗೆ ಬಿದ್ದ ಸುಗಲಾ, ತಂದೆಯೇ ಇಲ್ಲದ ಹುಡುಗನೊಬ್ಬನಿಗೂ ನಿಮ್ಮಪ್ಪ ಹಾಡುಗಾರನಲ್ಲವೇ ಎಂದು ಕೇಳಿಬಿಟ್ಟಿದ್ದಳು. ಅವನು ಹೌದೆಂದು ತಲೆಯಾಡಿಸಿ ಕುಳಿತಿದ್ದ.

ಟೈರುಗಳ ಮೇಲಿದ್ದವರು ಮುಂದಕ್ಕೆ ಬಾಗಿದರು. ಯಾರ ಮನೆಯಲ್ಲಿ ಯಾರಿದ್ದಾರೆಂದು ಮೊದಲು ತಿಳಿದಿರಬೇಕು ಎಂದರು ಒಬ್ಬರು. ಹಾಗಲ್ಲ, ನಿನ್ನ ಮನೆಯ ಬಗ್ಗೆ ನೀನೇ ಸುಳ್ಳು ಹೇಳಿ ಮಕ್ಕಳಿಂದ ತಿದ್ದಿಸಿಕೋ ಎಂದರು ಇನ್ನೊಬ್ಬರು. ಅರ್ಧ ಗಂಟೆ ಜಗಳದಂಥ ಮಾತು ನಡೆಯಿತು. ಇಂಗ್ಲಿಷ್ ಬಿಡುವ ಮಾತನ್ನು ಸುಗಲಾ ಎತ್ತಲೇ ಇಲ್ಲ. ಬಸ್ಸಿಗೆ ಏಳುವಾಗ ಮಾತ್ರ, ಕಿವಿಯ ಹತ್ತಿರ ಬೆರಳು ಒಯ್ದು ಕೇಳಿದಳು:

"ಅಕ್ಕಾರ, ಈಗ ದೀಪ ಹತ್ತಿರತಿತ್ತೇನ್ರಿ?"

ನೀಲಾಂಬಿಕಾ ಗದರಬೇಕೆಂದು ಬಾಯಿ ತೆರೆದಳು. ಆದರೆ ತನ್ನ ಕೈಯೂ ಬರಿಗಿವಿಯನ್ನು ತಡವುತ್ತಿರುವುದು ಗೊತ್ತಾಗಿ ಅದನ್ನು ಕೆಳಗಿಳಿಸಿದಳು. ದೀಪವಿಲ್ಲದ ಕಾಲದಲ್ಲಿ ಅಷ್ಟು ವರ್ಷ ಆ ಮರದ ಕೆಳಗೆ ಕುಳಿತಿದ್ದರು; ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.