ಚನ್ನವ್ವನ ಕೌದಿ

"ಕೌದಿ ಕಳುವಾಗೇತ್ರಿ. ಕಸಾ ಹೊಡಿಯೂ ಲಗಮವ್ವಂದ ಕೈವಾಡ," ಎಂದು ಮನೋಳಿಯ ಮೀನಾ ಬೈಲಹೊಂಗಲಕ್ಕೆ ಬಂದು ವೀರಪ್ಪನವರ ಮುಂದೆ ಹೇಳಿದಾಗ, ಪಕ್ಕದಲ್ಲಿದ್ದ ಗೌರೀಶ ಎದ್ದು ನಿಂತ. ಪಶು ಆಸ್ಪತ್ರೆಯ ಕಂಪೌಂಡರ್ ಆಗಿದ್ದ ಅವನೇ ಆ ಕೌದಿಯ ಉಪಾಯ ಹೇಳಿಕೊಟ್ಟಿದ್ದ.

2004ರ ಚಳಿಗಾಲದಲ್ಲಿ ಮೀನಾಳ ಅತ್ತೆ ಚನ್ನವ್ವ ತೀರಿಕೊಂಡ ಮೇಲೆ ಆಕೆಯ ನಾಯಿ ಹಂಡ್ಯಾ ನಡುಗುತ್ತ, ಊಳಿಡುತ್ತ ಅನ್ನ ಬಿಟ್ಟಿತ್ತು. ಆಕೆ ಹೊದೆಯುತ್ತಿದ್ದ ಕೌದಿಯನ್ನು ತೊಳೆಯದೆ ಕಟ್ಟೆಯ ಮೇಲೆ ಹಾಸಿ, ಮಡಿಕೆಗಳಲ್ಲಿ ಬೆಲ್ಲ ಹಚ್ಚಿದ ರೊಟ್ಟಿ ಚೂರು ಅಡಗಿಸಲು ಗೌರೀಶ ಹೇಳಿದ್ದ. ಮೂಸಿ ಮೂಸಿ ಹುಡುಕುತ್ತ, ಒಡತಿಯ ವಾಸನೆಯಲ್ಲೇ ಹಂಡ್ಯಾ ಸಮಾಧಾನಗೊಂಡು ಮಲಗುತ್ತಿತ್ತು. ಕೌದಿ ಹೋದ ಎರಡು ದಿನದಿಂದ ಅದು ನೀರನ್ನೂ ಮುಟ್ಟಿರಲಿಲ್ಲ.

ಪೊಲೀಸ್ ಶ್ವಾನದಳದಿಂದ ನಿವೃತ್ತರಾಗಿದ್ದ ವೀರಪ್ಪ, ಮೀನಾ ಮತ್ತು ಗೌರೀಶನ ಜೊತೆ ಆಗಲೇ ಮನೋಳಿಯ ಬಸ್ಸು ಹತ್ತಿದರು.

ಹಂಡ್ಯಾ ಪಡಸಾಲೆಯಲ್ಲಿ, ಮೀನಾಳ ಮಾವ ಸಂಗಪ್ಪನ ಕೋಣೆಯ ಹೊಸ್ತಿಲಿಗೆ ಮೂಗು ಒತ್ತಿ ಬಿದ್ದಿತ್ತು. ಪಕ್ಕದಲ್ಲೇ ಇರುವೆಗಳ ಸಾಲೊಂದು ಬಾಗಿಲಡಿಯಿಂದ ಒಳಗೆ ಹೋಗುತ್ತಿತ್ತು.

"ಲಗಮವ್ವನ ಮ್ಯಾಲ ಯಾಕ ಸಂಶೆ?" ವೀರಪ್ಪ ಕೇಳಿದರು.

"ಹಳೇ ಅರಿವಿ ಇದ್ರ ಕೊಡ್ರಿ ಅಂತ ಕೇಳಿದ್ಳು," ಎಂದಳು ಮೀನಾ.

"ಒಳಗ ಬರತಾಳೇನು?"

"ಇಲ್ರಿ. ಅಂಗಳದ ಕಸಾ ಹೊಡದು ಹೋಗತಾಳ. ಹೊಸ್ತಲ ದಾಟಾಕ ಬಿಡೂದಿಲ್ಲ."

"ಮಾವಾರಿಗೆ ನಿದ್ದಿ ಹತ್ತತೈತೇನು?"

"ಅತ್ತಿ ಹೋದ ಮ್ಯಾಲ ಒಂದು ತಿಂಗಳು ಕಣ್ಣ ಮುಚ್ಚಿದ್ದಿಲ್ಲ. ಎರಡ ದಿನದಿಂದ ಚಲೋ ಮಲಗತಾರ."

ವೀರಪ್ಪ ಎಲ್ಲರನ್ನೂ ಪಡಸಾಲೆಗೆ ಕರೆಸಿದರು. ಲಗಮವ್ವ ಅಂಗಳದಲ್ಲೇ ನಿಂತಳು.

"ಕೌದಿ ಮನಿ ಬಿಟ್ಟು ಹೋಗಿಲ್ಲ," ಎಂದರು ವೀರಪ್ಪ. "ನಾಯಿ ಮೂಗು ಆ ಕೋಣಿ ತೋರಸಾಕ ಹತ್ತೇತಿ. ಇರವಿನೂ ಬೆಲ್ಲದ ರೊಟ್ಟಿ ಹುಡಿಕ್ಕೊಂಡು ಅಲ್ಲೇ ಹೊಂಟಾವ. ಹೊಸ್ತಲ ದಾಟದಾಕಿ ಅದನ್ನ ಒಳಗ ಹ್ಯಾಂಗ ಇಟ್ಟಾಳು? ಕೌದಿ ಹೋದ ದಿನದಿಂದ ಈ ಮನ್ಯಾಗ ಒಬ್ಬರಿಗೆ ನಿದ್ದಿ ಹತ್ತೇತಿ."

ಸಂಗಪ್ಪ ಎದ್ದು ಹೋಗಿ ಟ್ರಂಕಿನಿಂದ ಕೌದಿ ತಂದ.

"ಮೂವತ್ತೆಂಟ ವರ್ಷ ಆಕಿ ಮಗ್ಗಲಾಗ ಮಲಗೇನಿ. ನಾಯಿಗೆ ಕೊಟ್ರಿ, ನನ್ನ ಯಾರೂ ಕೇಳಲಿಲ್ಲ. ಲಗಮವ್ವನ ಮ್ಯಾಲ ಸಂಶೆ ಬಂದಾಗ ಬಾಯಿ ಬಿಡಾಕ ನಾಚಿಕಿ ಆತು."

ಗೌರೀಶ ತಲೆ ತಗ್ಗಿಸಿದ. ನಾಯಿಯ ಸಂಕಟ ಕಂಡವನಿಗೆ ಈ ಮನುಷ್ಯ ಕಂಡಿರಲಿಲ್ಲ.

"ತಪ್ಪಾತು ಲಗಮವ್ವ, ನಾಳಿನೂ ಕೆಲಸಕ್ಕ ಬಾ," ಎಂದಳು ಮೀನಾ.

"ಓಣ್ಯಾಗ ಎಲ್ಲಾರ ಮುಂದ ಕಳ್ಳಿ ಅಂದ್ರಿ. ತಪ್ಪಾತು ಅನ್ನೂದು ಮನ್ಯಾಗೇನ್ರಿ?" ಲಗಮವ್ವ ಕಸಬರಿಗೆಯನ್ನು ಗೋಡೆಗೆ ಆನಿಸಿ ನಡೆದುಬಿಟ್ಟಳು.

ಕೌದಿಯನ್ನು ಕಟ್ಟೆಯ ಮೇಲೆ ಹಾಸಿದ್ದೇ ತಡ, ಹಂಡ್ಯಾ ಅದರಲ್ಲಿ ಮೂಗು ಹುದುಗಿಸಿತು. ಸಂಗಪ್ಪ ಮಾತ್ರ ಬರಿಗಾಲಲ್ಲಿ ಓಣಿಗೆ ಇಳಿದು, "ಕದ್ದಾಂವ ನಾನು!" ಎಂದು ಕೂಗಿದ. ಕಟ್ಟೆಗಳ ಮೇಲಿದ್ದವರೆಲ್ಲ ಎದ್ದು ನಿಂತರು. ಲಗಮವ್ವ ತಿರುಗಿ ನೋಡಲಿಲ್ಲ.