ತುಟಿಗೆ ಕೂಡದ ಮಾತು

“ನಮ್ಮ ಭಾವನ ಕೊನೇ ಮಾತನ್ನ ಹಾಳು ಮಾಡಿದೆಯಲ್ಲೋ ಮುದುಕ. ನಿನ್ನ ಕೈ ಸೇದಿಹೋಗ.”

“ಕಾಲರ್ ಬಿಡೋ ಮೊದಲು. ಆ ಫೈಲನ್ನ ನಾನು ಮುಟ್ಟೇ ಇಲ್ಲ.”

“ಮುಟ್ಟದೇನೇ ಕೆಟ್ಟುಹೋಯ್ತಾ?”

ಇನ್‌ಸ್ಪೆಕ್ಟರ್ ಲಾಠಿಯಿಂದ ಮೇಜು ಕುಟ್ಟಿದರು. “ಇದೇನು ಸ್ಟೇಷನ್ನೋ, ಬಸ್ ಸ್ಟ್ಯಾಂಡೋ? ಇಬ್ಬರೂ ಬಾಯಿ ಮುಚ್ಚಿ. ದೂರು ಯಾರದು?”

ಬೆಂಚಿನ ಮೂಲೆಯಲ್ಲಿ ಕೂತಿದ್ದ ಹೆಂಗಸು ಎದ್ದು ನಿಂತಳು. ಟೈಲರ್ ಕೆಲಸದವಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಕಾಲರ್ ಹಿಡಿದವನು ಅವಳ ತಮ್ಮ, ಪುಟ್ಟ. ಹಿಡಿಸಿಕೊಂಡವನು ವಿಡಿಯೋ ಎಡಿಟಿಂಗ್ ಅಂಗಡಿಯ ಯಜಮಾನ. ಪುಟ್ಟನಿಗೆ ಕೆಲಸ ಕೊಟ್ಟವನೂ ಅವನೇ. ಪೇಟೆಯವರೆಲ್ಲ ಅವನನ್ನು ಕ್ಯಾಸೆಟ್ ಮಾಮ ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅವಳ ಹೇಳಿಕೆ ದಾಖಲಾಯಿತು. ಅವಳ ಗಂಡ ಹಾಸಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಮುಖ್ಯಸ್ಥ. ಬೆಂಕಿ ಬಿದ್ದ ದಿನ ಹಿಂಬಾಗಿಲಿಗೆ ಬೀಗ ಬಿದ್ದಿತ್ತು. ಒಳಗೆ ಸಿಕ್ಕಿಬಿದ್ದವರಲ್ಲಿ ಇಬ್ಬರು ಅಲ್ಲೇ ಸತ್ತರು, ಗಂಡ ಆಸ್ಪತ್ರೆಯಲ್ಲಿ. ಬೀಗ ಹಾಕಿದ್ದು ಅವನೇ ಎಂದು ಕಂಪನಿ ಬರೆದುಕೊಟ್ಟಿತ್ತು. ಸಾಯುವ ಮುನ್ನ ಅವನು ಫೋನನ್ನು ಎದುರಿಗೆ ಒರಗಿಸಿಕೊಂಡು ಏನೋ ಹೇಳಿ ರೆಕಾರ್ಡ್ ಮಾಡಿದ್ದ. ಆ ವಿಡಿಯೋ ವಿಚಾರಣಾ ಕಚೇರಿಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಫಾರ್ಮ್ಯಾಟ್ ಬದಲಿಸಿ ತನ್ನಿ ಎಂದರು. ತಂದುಕೊಟ್ಟಾಗ ಅರ್ಧದಿಂದಾಚೆ ಮಾತಿಗೂ ತುಟಿಗೂ ಹೊಂದಾಣಿಕೆಯೇ ಇಲ್ಲ. ಇದನ್ನು ಒಪ್ಪುವುದಿಲ್ಲ ಎಂದು ವಾಪಸು ಎಸೆದರು. ಫೋನಿನಲ್ಲಿದ್ದ ಮೂಲವೂ ಅಳಿಸಿಹೋಗಿತ್ತು.

“ಮೂಲ ನೀವು ನೋಡಿದ್ರಾ?”

“ಇಲ್ಲ ಸಾರ್. ಕೇಳೋಕೆ ಧೈರ್ಯ ಸಾಲಲಿಲ್ಲ. ತಮ್ಮನ ಕೈಗೆ ಫೋನ್ ಕೊಟ್ಟೆ.”

“ನೀನು?”

“ನಾನೂ ನೋಡಲಿಲ್ಲ ಸಾರ್,” ಎಂದ ಪುಟ್ಟ. “ಕನ್ವರ್ಷನ್ ಇವರೇ ಮಾಡೋದು ಅಂತ ಇವರ ಕೈಗೆ ಕೊಟ್ಟೆ. ನಾನು ತೆರೆದೇ ಇಲ್ಲ.”

ಎಫ್ಐಆರ್ ಆಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲನ್ನು ಕರೆದುಕೊಂಡು ಆ ಮೂವರೊಂದಿಗೆ ಅಂಗಡಿಗೆ ಹೋದರು. ಮಹಡಿಯ ಮೇಲೆ ಒಂದೇ ಕೋಣೆ, ಎರಡು ಕಂಪ್ಯೂಟರ್, ಕಿಟಕಿಗೆ ಕಪ್ಪು ಬಟ್ಟೆ. ಕೆಟ್ಟ ವಿಡಿಯೋ ಹಾಕಿಸಿದರು. ಅಕ್ಕ ಬಾಗಿಲ ಹೊರಗೆ ನಿಂತಳು.

ಮಾಮ ಕನ್ನಡಕ ಏರಿಸಿಕೊಂಡ. “ಫೋನಿನ ವಿಡಿಯೋ ಒಂದೇ ವೇಗದಲ್ಲಿ ಓಡಲ್ಲ ಸಾರ್. ಬದಲಿಸುವಾಗ ಎಚ್ಚರ ತಪ್ಪಿದ್ರೆ ಮಾತು ಚಿತ್ರದಿಂದ ಜಾರುತ್ತೆ. ಆದ್ರೆ ಸ್ವಲ್ಪ ಸ್ವಲ್ಪವೇ ಜಾರೋದು. ಇಲ್ಲಿ ನೋಡಿ. ಅರ್ಧದವರೆಗೂ ಸರಿಯಿದೆ. ಆಮೇಲೆ ಒಂದೇ ಸಲಕ್ಕೆ ಅರ್ಧ ಸೆಕೆಂಡ್ ನೆಗೆದಿದೆ.”

“ಅಂದ್ರೆ?”

“ಅಂದ್ರೆ ಯಾರೋ ಕತ್ತರಿ ಹಾಕಿದ್ದಾರೆ. ಚಿತ್ರವನ್ನ ಒಂದು ಅಳತೆಗೆ, ಮಾತನ್ನ ಇನ್ನೊಂದು ಅಳತೆಗೆ.”

ಅದೇ ಜಾಗದಲ್ಲಿ ಚಿತ್ರ ಕ್ಷಣಹೊತ್ತು ಮಸುಕಾಗುತ್ತಿತ್ತು.

“ಅದು ಫೋನಿನ ಫೋಕಸ್ ತಪ್ಪಿದ್ದು,” ಎಂದ ಪುಟ್ಟ.

ಕಾನ್‌ಸ್ಟೆಬಲ್ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದಳು. “ಸಾರ್, ಮಸುಕಾಗೋ ಮುಂಚೆ ಮುಖ ಕಿಟಕಿ ಕಡೆ ಇದೆ. ಮಸುಕು ಹೋದ ತಕ್ಷಣ ಗೋಡೆ ಕಡೆ. ಸುಟ್ಟು ಮಲಗಿದ ಮನುಷ್ಯ ಅಷ್ಟು ಬೇಗ ಹೊರಳ್ತಾನಾ?”

“ಬ್ಲರ್ ಎಫೆಕ್ಟ್,” ಎಂದ ಮಾಮ. “ಬೆಸುಗೆ ಕಾಣಬಾರದು ಅಂತ ಹಾಕಿದ್ದು. ಇದನ್ನ ಇವನಿಗೆ ಕಲಿಸಿದ್ದೂ ನಾನೇ.”



“ಇವನ ಕಂಪ್ಯೂಟರ್ ಯಾವುದು?” ಇನ್‌ಸ್ಪೆಕ್ಟರ್ ಕೇಳಿದರು.

“ಆ ಮೂಲೇದು. ಹಳೇ ಡಬ್ಬ, ದೊಡ್ಡ ವಿಡಿಯೋ ಎಳೆಯಲ್ಲ. ಅದಕ್ಕೇ ಅದರಲ್ಲಿ ಏನು ತೆರೆದ್ರೂ ಸಾಫ್ಟ್‌ವೇರ್ ತಾನಾಗೇ ಒಂದು ಹಗುರ ನಕಲು ಮಾಡಿಟ್ಟುಕೊಳ್ಳುತ್ತೆ. ಮೂಲ ಅಳಿಸಿದ್ರೂ ನಕಲು…”

ಮಾಮ ಅಲ್ಲಿಗೇ ನಿಲ್ಲಿಸಿ ಪುಟ್ಟನ ಮುಖ ನೋಡಿದ. ಮೂಲವನ್ನು ನೆನಪಿಟ್ಟು ಅಳಿಸಿದ್ದವನು ದಿನಾ ಬಳಸುವ ನಕಲನ್ನೇ ಮರೆತಿದ್ದ.

ಪಕ್ಕದ ಜೆರಾಕ್ಸ್ ಅಂಗಡಿಯವನನ್ನೂ ಕೆಳಗಿನ ಕ್ಷೌರದವನನ್ನೂ ಪಂಚರಾಗಿ ಕರೆಸಿದರು. ನಕಲು ಸಿಕ್ಕಿತು. ಚಿತ್ರ ಒರಟು, ಮಾತು ಸ್ಪಷ್ಟ. ಕತ್ತರಿಸಿ ತೆಗೆದಿದ್ದ ಮಾತೂ ಅದರಲ್ಲಿತ್ತು. ಅಷ್ಟರಲ್ಲಿ ಅಕ್ಕ ಒಳಗೆ ಬಂದಿದ್ದಳು. ಹೊರಗಿರಿ ಎಂದು ಹೇಳಲು ಇನ್‌ಸ್ಪೆಕ್ಟರಿಗೆ ಬಾಯಿ ಬರಲಿಲ್ಲ.

“ಬೀಗ ನಾನು ಹಾಕಿದ್ದಲ್ಲ,” ಎಂದಿತು ಪರದೆಯ ಮೇಲಿನ ಮುಖ. “ಪುಟ್ಟ ಹಾಕಿದ್ದು. ಕಂಪನಿ ಜಾಹೀರಾತು ತೆಗೀತಿದ್ನಲ್ಲ, ಶೂಟಿಂಗಿಗೆ ಯಾರೂ ಅಡ್ಡ ಬರಬಾರದು ಅಂತ. ಕೀಲಿ ಜೇಬಲ್ಲೇ ಇಟ್ಕೊಂಡು ಹೋಗ್ಬಿಟ್ಟ. ಮರೆತಿದ್ದಾನೆ ಕಣೇ. ಅವನನ್ನ ಬೈಬೇಡ.”

ಪಂಚನಾಮೆ ಮುಗಿಯಿತು. ಹಾರ್ಡ್ ಡಿಸ್ಕ್ ಸೀಲಾಯಿತು. ಸಂಜೆ ಐದಕ್ಕೆ ಠಾಣೆಯಲ್ಲಿ ಪುಟ್ಟನ ಬಂಧನ ದಾಖಲಾಯಿತು.

“ಯಾಕೋ?” ಇನ್‌ಸ್ಪೆಕ್ಟರ್ ಕೇಳಿದರು. ಬೆಳಗಿನ ಸಿಟ್ಟು ಅವರ ದನಿಯಲ್ಲಿರಲಿಲ್ಲ.

“ಮೊದಲನೇ ಕ್ಯಾಮೆರಾ ಕೊಡಿಸಿದ್ದು ಭಾವನೇ ಸಾರ್. ಅಪ್ಪ ಇಲ್ಲದ ನನ್ನನ್ನ ಸಾಕಿದ್ದೂ ಅವರೇ. ಕೀಲಿ ರಾತ್ರಿ ಪ್ಯಾಂಟ್ ಬಿಚ್ಚುವಾಗ ಸಿಕ್ತು. ಅಕ್ಕನಿಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂತ ಹೆದರಿದೆ. ಅಷ್ಟೇ.”

“ಅದಕ್ಕೆ ಸತ್ತವನ ತಲೆಗೆ ಕಟ್ಟಿದೆ.”

ಪುಟ್ಟ ಅಕ್ಕನ ಕಡೆ ತಿರುಗಿದ.

ಅಕ್ಕ ಎದುರಿಗೇ ಕೂತಿದ್ದಳು. “ದಿನಾ ನನ್ನ ಪಕ್ಕ ಕೂತು ಕಣ್ಣು ಒರೆಸ್ತಿದ್ದೆಯಲ್ಲೋ. ಆ ಕೈಯಲ್ಲೇ ಕತ್ತರಿಸಿದೆಯಾ?”

“ಅಕ್ಕಾ…”

“ಅವರು ಬೈಬೇಡ ಅಂದಿದ್ದಾರೆ. ಬೈಯಲ್ಲ ಬಿಡು.”

ಅವಳು ಹೇಳಿಕೆಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ಹಾಕಿಟ್ಟಳು. ಹೊರಗೆ ಹೋದಳು. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡ ಕಾನ್‌ಸ್ಟೆಬಲ್ ಅವಳ ಕುರ್ಚಿಯನ್ನು ಯಾರಿಗೂ ಕೊಡಲಿಲ್ಲ. ಪುಟ್ಟ ಬಾಗಿಲನ್ನೇ ನೋಡುತ್ತಿದ್ದ. ಊಟ ಯಾರ ಮನೆಯಿಂದ ಬರುತ್ತದೆ ಎಂದು ರೈಟರ್ ಕೇಳಿದಾಗಲೂ ಅವನು ಬಾಗಿಲನ್ನೇ ತೋರಿಸಿದ. ಕತ್ತಲಾದ ಮೇಲೆ ಕಾನ್‌ಸ್ಟೆಬಲ್ ಆ ಕುರ್ಚಿಯನ್ನು ಎತ್ತಿ ಗೋಡೆಗೆ ಸೇರಿಸಿದಳು.